ಅಗ್ಗದ ಚಹಾವನ್ನು ಬಾಸ್ಟನ್‌ನವರು ಸಮುದ್ರಕ್ಕೆ ಸುರಿದಿದ್ದೇಕೆ?

ಹಳೇಮೇಷ್ಟ್ರು: 1773ರ ಡಿಸೆಂಬರ್ 16ರ ರಾತ್ರಿ, ಆಗ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಅಮೆರಿಕದ ಬಾಸ್ಟನ್ ಬಂದರಿನಲ್ಲಿ 342 ಪೆಟ್ಟಿಗೆ ಚಹಾ ನೀರುಪಾಲಾಯಿತು. ತೆರಿಗೆ ಏರಿಸಿದ್ದಕ್ಕೆ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಬ್ರಿಟಿಷ್ ಪಾರ್ಲಿಮೆಂಟಿನ ಆ ವರ್ಷದ ಚಹಾ ಕಾಯ್ದೆಯಿಂದ ಚಹಾ ಅಗ್ಗವಾಗುತ್ತಿತ್ತು! ಮತ್ತೆ ಸಿಟ್ಟು ಯಾಕೆ?

ಕಡಲತಡಿ: ವ್ಯಾಪಾರಿಗಳ ಹೊಟ್ಟೆಯುರಿ ಮೇಷ್ಟ್ರೇ, ಇನ್ನೇನು? ಅಲ್ಲಿ ಡಚ್ಚರ ಚಹಾದ ಕಳ್ಳಸಾಗಣೆ ಜೋರಾಗಿತ್ತು. ಈಸ್ಟ್ ಇಂಡಿಯಾ ಕಂಪನಿ ಗೋದಾಮಿನಲ್ಲಿ ಬಿದ್ದಿದ್ದ ಮಾಲನ್ನು ತನ್ನದೇ ಏಜೆಂಟರ ಕೈಲಿ ಮಾರಿಸಲು ಹೊರಟಿತು. ಅಲ್ಲಿನ ವ್ಯಾಪಾರಿಗಳ ಲಾಭಕ್ಕೆ ಕಲ್ಲು ಬಿತ್ತು.

ಓದುಗಿ: ಹಾಗಾದರೆ 1765ರಲ್ಲಿ ಯಾಕೆ ಗಲಾಟೆಯಾಯಿತು? ಆಗ ಚಹಾದ ಮಾತೇ ಇರಲಿಲ್ಲ. ಫ್ರೆಂಚರ ಜೊತೆ ಯುದ್ಧ ಮಾಡಿ ಸಾಲದಲ್ಲಿ ಮುಳುಗಿದ್ದ ಬ್ರಿಟನ್ ಸ್ಟಾಂಪ್ ಕಾಯ್ದೆ ತಂತು. ಪತ್ರಿಕೆ, ಕರಾರುಪತ್ರ, ಕೊನೆಗೆ ಇಸ್ಪೀಟಿಗೂ ದುಡ್ಡು ಕೊಟ್ಟು ಮುದ್ರೆ ಹಾಕಿಸಬೇಕು. ಸ್ಟಾಂಪ್ ಹಂಚಬೇಕಿದ್ದ ಆಂಡ್ರೂ ಆಲಿವರ್‌ನ ಬೊಂಬೆಯನ್ನು ಬಾಸ್ಟನ್ ಜನ ಮರಕ್ಕೆ ನೇತುಹಾಕಿದರು. ಆತ ಹೆದರಿ ಕೆಲಸವೇ ಬೇಡ ಅಂದ. ಮರುವರ್ಷ ಕಾಯ್ದೆ ರದ್ದಾಯಿತು. ಆದರೆ ಜೊತೆಯಲ್ಲೇ ಪಾರ್ಲಿಮೆಂಟು ಇನ್ನೊಂದು ಕಾಯ್ದೆ ಮಾಡಿತು: ಯಾವ ವಿಷಯದಲ್ಲಾದರೂ ಅಮೆರಿಕದವರಾದ ನಿಮ್ಮನ್ನು ಕಾಯ್ದೆಯಿಂದ ಕಟ್ಟಿಹಾಕುವ ಹಕ್ಕು ನಮಗಿದೆ!

ಕಡಲತಡಿ: ಮೇಡಂ, ಬ್ರಿಟನ್ನಿನವರೇ ಅಮೆರಿಕದವರಿಗಿಂತ ಎಷ್ಟೋ ಜಾಸ್ತಿ ತೆರಿಗೆ ಕಟ್ಟುತ್ತಿದ್ದರು.

ಓದುಗಿ: ಕಟ್ಟಲಿ, ಅವರಿಗೆ ಪಾರ್ಲಿಮೆಂಟಿತ್ತು. ಅಮೆರಿಕದವರ ಪರ ಅಲ್ಲಿ ಒಬ್ಬನೂ ಇರಲಿಲ್ಲ. ಸ್ಟಾಂಪ್ ಕಾಯ್ದೆ ಹೋದಮೇಲೆ ಹೇರಿದ್ದ ಗಾಜು, ಕಾಗದ, ಬಣ್ಣ, ಸೀಸದ ಸುಂಕವನ್ನು 1770ರಲ್ಲಿ ತೆಗೆದು, ಚಹಾಕ್ಕೆ ಮಾತ್ರ ಒಂದು ಪೌಂಡ್ ತೂಕಕ್ಕೆ 3 ಪೆನ್ನಿ ಉಳಿಸಿಕೊಂಡರು. ಅದು ದುಡ್ಡಿಗಲ್ಲ, ಹಕ್ಕು ತೋರಿಸಲಿಕ್ಕೆ. ಅಗ್ಗ ಅಂತ ಕೊಂಡರೆ ಆ ಹಕ್ಕು ಒಪ್ಪಿದ ಹಾಗೆ ಅಲ್ವಾ?

ಚುರುಮುರಿ: ಇಬ್ಬರೂ ಚಹಾದಲ್ಲೇ ನಿಂತಿರಿ. ಅಮೆರಿಕದ ಕ್ರಾಂತಿಗೆ ಕಿಡಿ ಹಚ್ಚಿದ್ದು ಆಮೇಲೆ ಬ್ರಿಟನ್ ಕೊಟ್ಟ ಶಿಕ್ಷೆ. 1774ರ ಜೂನ್ 1ಕ್ಕೆ ಬಾಸ್ಟನ್ ಬಂದರು ಬಂದ್. ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್‌ನಲ್ಲಿ ಊರ ಸಭೆ ಸೇರಲೂ ಗವರ್ನರ್ ಅಪ್ಪಣೆ ಬೇಕು. ಚಹಾ ಸುರಿದಿದ್ದು ಪುಂಡಾಟಿಕೆ ಅನ್ನುತ್ತಿದ್ದವರಿಗೂ ನಾಳೆ ನಮ್ಮ ಸರದಿ ಅನ್ನಿಸಿತು. ಸೆಪ್ಟೆಂಬರ್‌ನಲ್ಲಿ ಅಮೆರಿಕದ 12 ಬ್ರಿಟಿಷ್ ಕಾಲೊನಿಗಳ (ವಸಾಹತುಗಳ) ಪ್ರತಿನಿಧಿಗಳು ಫಿಲಡೆಲ್ಫಿಯಾದಲ್ಲಿ ಸೇರಿದರು. ಮುಂದಿನ ಏಪ್ರಿಲ್‌ನಲ್ಲಿ ಲೆಕ್ಸಿಂಗ್ಟನ್‌ನಲ್ಲಿ ಬ್ರಿಟಿಷ್ ಸೈನ್ಯಕ್ಕೂ ಅಲ್ಲಿನವರಿಗೂ ನಡುವೆ ಗುಂಡು ಹಾರಿತು, ಯುದ್ಧ ಶುರುವಾಯಿತು.

ಹಳೇಮೇಷ್ಟ್ರು: ಚುರುಮುರಿಯವರ ಮಾತಿಗೆ ನನ್ನ ವೋಟು. ಬರೀ ತೆರಿಗೆಯಾಗಿದ್ದರೆ 1766ರ ಹಾಗೆ ಹಿಂತೆಗೆದು ಮುಗಿಸಬಹುದಿತ್ತು.

ಕಡಲತಡಿ: ಶಿಕ್ಷೆ ವಿಷಯ ಸರಿ. ಆದರೂ ವ್ಯಾಪಾರಿಗಳನ್ನು ಬಿಡಬೇಡಿ. 1768ರಲ್ಲಿ ಬಾಸ್ಟನ್ ವ್ಯಾಪಾರಿ ಜಾನ್ ಹ್ಯಾನ್‌ಕಾಕ್‌ನ ‘ಲಿಬರ್ಟಿ’ ಹಡಗನ್ನು ಸುಂಕದವರು ಹಿಡಿದರು. 1776ರ ಸ್ವಾತಂತ್ರ್ಯ ಘೋಷಣೆಯಲ್ಲಿ ಎಲ್ಲಕ್ಕಿಂತ ದೊಡ್ಡ ಸಹಿ ಯಾರದ್ದು, ನೋಡಿ ಬನ್ನಿ.