ಕಾರವಾರಕ್ಕೆ ತಪ್ಪು ಪದ ಬರುತ್ತಿದೆ, ಶಿರಸಿಯ ಉದ್ದ ಪದ ಬರುತ್ತಲೇ ಇಲ್ಲ: ಪದಪಟ್ಟಿ ಸೋಸಲು ಸಹಾಯ ಬೇಕು

ಶಿರಸಿ ಅಕ್ಕೋರು

ಎಲ್ಲರಿಗೂ ನಮಸ್ಕಾರ. ಹೈಸ್ಕೂಲ್ ಮಕ್ಕಳಿಗಾಗಿ ಒಂದು ಇಂಗ್ಲಿಷ್ ಪದದಾಟ ಮಾಡುತ್ತಿದ್ದೇನೆ. ನಮ್ಮ ಜಿಲ್ಲೆಯ 12 ತಾಲೂಕುಗಳ ಹೆಸರಿನ ಅಕ್ಷರಗಳು ಅಡಗಿರುವ ಉದ್ದ ಪದ ಕೊಡುವುದು, ಅದರಲ್ಲಿ ಯಾವ ಊರಿದೆ ಎಂದು ಮಕ್ಕಳು ಹೇಳುವುದು. ಗೋಕರ್ಣ ತಾಲೂಕಲ್ಲ, ಆದರೂ ಬಿಡಲು ಮನಸ್ಸಾಗಲಿಲ್ಲ. ಅದರ ಏಳೂ ಅಕ್ಷರ ಕಾಂಗರೂ ಪದದಲ್ಲಿವೆ, ಒಂದು ಓ ಮಾತ್ರ ಜಾಸ್ತಿ! ದಾಂಡೇಲಿಗೆ ಡ್ಯಾಂಡಿಲಯನ್. ಅದರಲ್ಲಂತೂ ಊರಿನ ಹೆಸರು ಇಡಿಯಾಗಿ ಕೂತಿದೆ.

ನೆಟ್‌ನಲ್ಲಿ ಸಿಕ್ಕ ಪದಪಟ್ಟಿಯನ್ನು ಎಕ್ಸೆಲ್‌ಗೆ ಹಾಕಿ, ಒಂದೊಂದು ಅಕ್ಷರಕ್ಕೂ ಸರ್ಚ್ ಫಾರ್ಮುಲಾ ಬರೆದಿದ್ದೇನೆ. ತೊಂದರೆ ಇಷ್ಟು. ಕಾರವಾರಕ್ಕೆ ಬ್ಯಾಕ್‌ವಾಟರ್, ಆಕ್ವರ್ಡ್ ಎಲ್ಲ ಬರುತ್ತವೆ, ಅವುಗಳಲ್ಲಿ ಇರುವುದು ಒಂದೇ ಆರ್. ಶಿರಸಿಗೆ ಟ್ರಾನ್ಸ್‌ಮಿಶನ್ ಬಂತು, ಆದರೆ ನನಗೆ ಎಸ್-ಐ-ಆರ್-ಎಸ್-ಐ ಅದೇ ಕ್ರಮದಲ್ಲಿ ಬೇಕು. ಸ್ಪಿರಿಚುಅಲೈಸೇಶನ್ ಎಂಬ ಪದದಲ್ಲಿ ಕ್ರಮವಾಗಿಯೇ ಇದೆ, ಅದು ಮಾತ್ರ ಪಟ್ಟಿಯಲ್ಲಿ ಬರುತ್ತಲೇ ಇಲ್ಲ. ಎರಡು ಮೂರು ಪದ ಸೇರಿದ ನುಡಿಗಳೂ ಇಲ್ಲ. ಎಲ್ಲಿ ತಪ್ಪಿದೆ?

ಕಾಳಿ ದಂಡೆ

ಅಕ್ಕೋರೇ, ನಿಮ್ಮ ಸರ್ಚ್ ಹೇಳುವುದು ಅಕ್ಷರ ಇದೆಯೋ ಇಲ್ಲವೋ ಅಂತ ಅಷ್ಟೇ. ಎಷ್ಟು ಸಲ ಇದೆ ಅಂತ ಅದಕ್ಕೆ ಗೊತ್ತಿಲ್ಲ. ಕಾರವಾರಕ್ಕೆ ಎರಡು ಎ, ಎರಡು ಆರ್ ಬೇಕು. ನೀವು ಆರ್ ಅನ್ನು ಎರಡು ಸಲ ಹುಡುಕಿದರೂ ಎರಡೂ ಸಲ ಅದೇ ಮೊದಲ ಆರ್ ಸಿಗುತ್ತದೆ.

ಎಣಿಸಲು ಹಳೆಯ ಉಪಾಯ ಒಂದಿದೆ. ಪದದ ಉದ್ದದಿಂದ, ಆ ಅಕ್ಷರ ಕಿತ್ತುಹಾಕಿದ ಮೇಲೆ ಉಳಿಯುವ ಉದ್ದವನ್ನು ಕಳೆಯಿರಿ:

=ಲೆನ್(ಎ2)-ಲೆನ್(ಸಬ್‌ಸ್ಟಿಟ್ಯೂಟ್(ಎ2,"ಆರ್",""))

ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಶೀಟ್‌ನಲ್ಲಿ ಇಂಗ್ಲಿಷ್ ಅಕ್ಷರವನ್ನೇ ಹಾಕಿ. ಆರ್‌ಗೆ ಒಂದು ಕಾಲಮ್, ಎ-ಗೆ ಒಂದು, ಕೆ-ಗೆ ಒಂದು, ಡಬ್ಲ್ಯುಗೆ ಒಂದು. ಎಲ್ಲವನ್ನೂ ಒಂದೇ ಫಾರ್ಮುಲಾದಲ್ಲಿ ತುರುಕಬೇಡಿ, ಆಮೇಲೆ ತಪ್ಪು ಹುಡುಕುವಷ್ಟರಲ್ಲಿ ರಾತ್ರಿಯಾಗುತ್ತದೆ. ಆರ್ ಮತ್ತು ಎ ಕಾಲಮ್‌ನಲ್ಲಿ 2 ಅಥವಾ ಹೆಚ್ಚು, ಉಳಿದೆರಡರಲ್ಲಿ 1 ಅಥವಾ ಹೆಚ್ಚು ಎಂದು ಫಿಲ್ಟರ್ ಹಾಕಿ. ಬ್ಯಾಕ್‌ವಾಟರ್ ಹೋಗಿ ಬ್ರೇಕ್‌ವಾಟರ್ ಬರುತ್ತದೆ. ಬೈತಖೋಲ ಬಂದರಿಗೆ ಹೋದ ಮಕ್ಕಳು ಅದನ್ನು ಕಣ್ಣಾರೆ ನೋಡಿರುತ್ತಾರೆ, ಕಾರವಾರಕ್ಕೆ ಇದಕ್ಕಿಂತ ಒಳ್ಳೆಯ ಪದ ಬೇಕಾ? ಲಾಬ್ರೇಕರ್ ಕೂಡ ಬರುತ್ತದೆ. ಅದನ್ನು ನಾನಂತೂ ಹಾಕುವುದಿಲ್ಲ, ನಮ್ಮೂರು ಮಾರಾಯ್ರೇ.

ಕ್ರಮದ ವಿಷಯ ಬೇರೆ. ಎಕ್ಸೆಲ್‌ನ ಸರ್ಚ್ ಒಳಗೆ ನಕ್ಷತ್ರ ಚಿಹ್ನೆ ನಡೆಯುತ್ತದೆ: "ಎಸ್*ಐ*ಆರ್*ಎಸ್*ಐ". ನಕ್ಷತ್ರ ಇರುವಲ್ಲಿ ಎಷ್ಟು ಅಕ್ಷರ ಬೇಕಾದರೂ ಇರಬಹುದು, ಏನೂ ಇಲ್ಲದಿದ್ದರೂ ಸರಿ. ಲಿಬ್ರೆಆಫೀಸ್ ಆದರೆ ಸೆಟ್ಟಿಂಗ್‌ನಲ್ಲಿ ವೈಲ್ಡ್‌ಕಾರ್ಡ್ ಆನ್ ಇದೆಯಾ ನೋಡಿಕೊಳ್ಳಿ.

ಶಿರಸಿ ಅಕ್ಕೋರು

ಕ್ರಮದ್ದು ಸರಿಹೋಯಿತು! ಸಿಲ್ವರ್‌ಸ್ಮಿತ್, ಸ್ಪಿರಿಚುಅಲಿಸ್ಟಿಕ್ ಬಂದವು. ಆದರೆ ಎಣಿಸುವ ಕಾಲಮ್‌ಗಳಲ್ಲಿ ಮೇಲಿಂದ ಕೆಳಗಿನವರೆಗೆ ಬರೀ ಸೊನ್ನೆ.

ಕಾಳಿ ದಂಡೆ

ಪಟ್ಟಿ ಪೂರ್ತಿ ದೊಡ್ಡಕ್ಷರದಲ್ಲಿದೆ, ಅಲ್ವಾ? ಸರ್ಚ್‌ಗೆ ದೊಡ್ಡದು ಚಿಕ್ಕದು ಎರಡೂ ಒಂದೇ. ಸಬ್‌ಸ್ಟಿಟ್ಯೂಟ್ ಹಾಗಲ್ಲ, ಚಿಕ್ಕ ಆರ್ ಕೊಟ್ಟರೆ ದೊಡ್ಡ ಆರ್ ಅನ್ನು ಮುಟ್ಟುವುದಿಲ್ಲ. ಸಬ್‌ಸ್ಟಿಟ್ಯೂಟ್ ಒಳಗಿನ ಎ2 ಬದಲು ಲೋವರ್(ಎ2) ಎಂದು ಬರೆಯಿರಿ.

ಶಿರಸಿ ಅಕ್ಕೋರು

ಬಂತು ಬಂತು. ಯಲ್ಲಾಪುರಕ್ಕೆ ಪರ್ಪೆಚುಅಲಿ, ಸೂಪರ್‌ನ್ಯಾಚುರಲಿ, ಪ್ರೀಟರ್‌ನ್ಯಾಚುರಲಿ. ಅಂಕೋಲಾಕ್ಕೆ ಅಕ್ನಾಲೆಜಬಲ್. ಹಳಿಯಾಳಕ್ಕೆ ಹ್ಯಾಬಿಚುಅಲಿ, ಕುಮಟಾಕ್ಕೆ ಅನ್‌ಮಿಸ್ಟೇಕಬಲ್, ಮುಂಡಗೋಡಕ್ಕೆ ಡಂಬ್‌ಫೌಂಡಿಂಗ್, ಜೋಯಿಡಾಕ್ಕೆ ಅಡ್ಜುಡಿಕೇಶನ್. ಸ್ಪಿರಿಚುಅಲೈಸೇಶನ್ ಮಾತ್ರ ಈಗಲೂ ಇಲ್ಲ.

ಹಳೇ ಕೀಬೋರ್ಡ್

ಅದು ಅಮೆರಿಕನ್ ಪಟ್ಟಿ ಇರಬೇಕು. ಅಲ್ಲಿ ಆ ಪದವನ್ನು ಝಡ್ ಹಾಕಿ ಬರೆಯುತ್ತಾರೆ. ಆಗ ಎರಡನೇ ಎಸ್ ಸಿಗುವುದಿಲ್ಲ, ಶಿರಸಿ ಮುರಿಯುತ್ತದೆ. ಬ್ರಿಟಿಷ್ ಪಟ್ಟಿ ಇಳಿಸಿಕೊಳ್ಳಿ.

ಶಿರಸಿ ಅಕ್ಕೋರು

ನನಗೂ ಹಾಗೇ ಅನ್ನಿಸಿತ್ತು. ಆದರೆ ಇದೇ ಪಟ್ಟಿಯಲ್ಲಿ ಆರ್ಗನೈಸೇಶನ್ ಎರಡೂ ರೀತಿ ಇದೆ, ಎಸ್ ಹಾಕಿದ್ದೂ ಝಡ್ ಹಾಕಿದ್ದೂ.

ಅಘನಾಶಿನಿ ತೀರ

ಎರಡೂ ಇದೆ ಅಂದರೆ ಕಾಗುಣಿತದ ತೊಂದರೆ ಅಲ್ಲ. ಒಂದು ಕೆಲಸ ಮಾಡಿ. ಲೆನ್ ಕಾಲಮ್ ಹಾಕಿ, ದೊಡ್ಡದರಿಂದ ಚಿಕ್ಕದಕ್ಕೆ ಸಾರ್ಟ್ ಮಾಡಿ. ಮೊದಲ ಸಾಲಿನಲ್ಲಿ ಎಷ್ಟು ಬರುತ್ತದೆ ಹೇಳಿ. ನನ್ನ ಊಹೆ 15. ನಿಮಗೆ ಸಿಕ್ಕಿರುವುದರಲ್ಲಿ ಅಕ್ನಾಲೆಜಬಲ್ ಸರಿಯಾಗಿ 15 ಅಕ್ಷರ, ಪ್ರೀಟರ್‌ನ್ಯಾಚುರಲಿಯೂ 15. ಅದಕ್ಕಿಂತ ಉದ್ದದ್ದು ಒಂದೂ ಇಲ್ಲ. ಕಳೆದುಹೋದ ಪದ 16.

ಶಿರಸಿ ಅಕ್ಕೋರು

ಹೌದು, 15! ಹೇಗೆ ಗೊತ್ತಾಯಿತು?

ಅಘನಾಶಿನಿ ತೀರ

ನಿಮ್ಮದು ಸ್ಕ್ರ್ಯಾಬಲ್ ಆಟದ ಪಟ್ಟಿ. ಅದರ ಹಲಗೆ ಅಡ್ಡಕ್ಕೂ ಉದ್ದಕ್ಕೂ 15 ಮನೆ, 16 ಅಕ್ಷರದ ಪದ ಇಡಲು ಜಾಗವೇ ಇಲ್ಲ. ಹಾಗಾಗಿ ಆಟಕ್ಕೆಂದು ಮಾಡಿದ ಪಟ್ಟಿ 15ಕ್ಕೆ ನಿಲ್ಲುತ್ತದೆ. ದೊಡ್ಡಕ್ಷರ ಎಂದಾಗಲೇ ಅನುಮಾನ ಬಂದಿತ್ತು. ಎಸ್, ಝಡ್ ಎರಡೂ ಇದೆ ಎಂದಾಗ ಗಟ್ಟಿಯಾಯಿತು, ಕಾಲಿನ್ಸ್ ಸ್ಕ್ರ್ಯಾಬಲ್ ಪಟ್ಟಿ ಎರಡನ್ನೂ ಒಪ್ಪುತ್ತದೆ. ಅಡ್ಡಗೆರೆ ಇರುವ ಪದ ಆ ಆಟದಲ್ಲಿ ನಡೆಯುವುದಿಲ್ಲ, ನಡುವೆ ಜಾಗ ಬಿಟ್ಟ ನುಡಿಗಳಂತೂ ಇಲ್ಲವೇ ಇಲ್ಲ. ನಿಮ್ಮ ಮೂರನೇ ತೊಂದರೆಗೂ ಇದೇ ಕಾರಣ. ಫಾರ್ಮುಲಾ ಎಷ್ಟು ತಿದ್ದಿದರೂ ಪಟ್ಟಿಯಲ್ಲಿ ಇಲ್ಲದ್ದು ಬರುವುದಿಲ್ಲ.

ಉಬುಂಟು ಇದ್ದರೆ ಡಬ್ಲ್ಯುಬ್ರಿಟಿಷ್ ಎಂಬ ಪದಪಟ್ಟಿಯ ಪ್ಯಾಕೇಜ್ ಹಾಕಿಕೊಳ್ಳಿ, ಅದಕ್ಕೆ ಆಟದ ಹಲಗೆಯ ಹಂಗಿಲ್ಲ. ನುಡಿಗಳಿಗೆ ಒನ್‌ಲುಕ್ ಎಂಬ ಪದ ಹುಡುಕುವ ವೆಬ್‌ಸೈಟ್ ಒಳ್ಳೆಯದು. ನಕ್ಷತ್ರದ ಉಪಾಯ ಅಲ್ಲೂ ನಡೆಯುತ್ತದೆ, ಆದರೆ ಹಿಂದೆ ಮುಂದೆಯೂ ಒಂದೊಂದು ನಕ್ಷತ್ರ ಹಾಕಬೇಕು. ನ್ಯೂಟ್ರಿಮ್ಯಾಟಿಕ್ ಅಂತ ಇನ್ನೊಂದಿದೆ, ಅದು ವಿಕಿಪೀಡಿಯಾದ ಪಠ್ಯದಿಂದ ನುಡಿಗಳನ್ನು ಹೆಕ್ಕುತ್ತದೆ. ಅರ್ಧಂಬರ್ಧ ಚೂರುಗಳೂ ಬರುತ್ತವೆ, ಆರಿಸಿಕೊಳ್ಳುವ ತಾಳ್ಮೆ ಬೇಕು.

ಶಿರಸಿಗೆ ಒಂದು ನುಡಿ ನನ್ನ ಕಡೆಯಿಂದ: ಸಿಸ್ಟರ್ಸ್-ಇನ್-ಲಾ. ಎಸ್-ಐ-ಆರ್-ಎಸ್-ಐ ಕ್ರಮವಾಗಿದೆ ನೋಡಿ. ಆದರೆ ಲೆನ್ ಇದಕ್ಕೆ 14 ಎನ್ನುತ್ತದೆ. ಎರಡು ಅಡ್ಡಗೆರೆಯನ್ನೂ ಅದು ಎಣಿಸುತ್ತದೆ, ಅಕ್ಷರ ಇರುವುದು 12.

ಶಿರಸಿ ಅಕ್ಕೋರು

ಎಲ್ಲರಿಗೂ ಧನ್ಯವಾದ. ಇನ್ನು ಹೊನ್ನಾವರ, ಭಟ್ಕಳ, ಸಿದ್ದಾಪುರ ಉಳಿದಿವೆ.

ಕಾಳಿ ದಂಡೆ

ಭಟ್ಕಳಕ್ಕೆ ಬ್ಲ್ಯಾಕ್ ಹ್ಯಾಟ್. ಒಂದು ಸಿ ಮಾತ್ರ ಹೆಚ್ಚು.

ಅಘನಾಶಿನಿ ತೀರ

ಹೊನ್ನಾವರ ಕಷ್ಟದ್ದು, ಎರಡು ಎನ್ ಜೊತೆ ವಿ ಬೇರೆ. ಸ್ಯಾವನ್ನಾ ಸ್ಪ್ಯಾರೋ ಹಾಕಿ, ಉತ್ತರ ಅಮೆರಿಕದ ಒಂದು ಹಕ್ಕಿ. ಎಲ್ಲ ಅಕ್ಷರವೂ ಇದೆ.

ಹಳೇ ಕೀಬೋರ್ಡ್

ಸಿದ್ದಾಪುರಕ್ಕೆ ಡಿಸ್ಪ್ಯೂಟೆಡ್ ಏರಿಯಾ. ಎರಡೂ ಡಿ ಇವೆ.

ಶಿರಸಿ ಅಕ್ಕೋರು

ನನ್ನ ತವರು ಸಿದ್ದಾಪುರ. ಬೇರೆ ಹೇಳಿ.

ಹಳೇ ಕೀಬೋರ್ಡ್

ಅಯ್ಯೋ! ಹಾಗಾದರೆ ಹಾರ್ಡ್ ಡಿಸ್ಕ್ ಸೆಟಪ್. ಇದಕ್ಕೆ ಯಾರ ತಕರಾರೂ ಇರಲಿಕ್ಕಿಲ್ಲ.