ಒಂದು ಹಲ್ಲು ಮುರಿದದ್ದಕ್ಕೆ 118(2): ರಾಜಿಯೋ, ವಿಚಾರಣೆಯೋ? ಅನುಭವಸ್ಥರು ತಿಳಿಸಿ

ಚಿಂತಾಮಣಿಯ ಅಣ್ಣ: ಬದುವಿನ ಜಗಳದಲ್ಲಿ ನನ್ನ ತಮ್ಮ ಗುದ್ದಲಿಯ ಕಾವಿನಿಂದ ಹೊಡೆದಾಗ ದೊಡ್ಡಪ್ಪನ ಮಗನ ಮುಂದಿನ ಹಲ್ಲೊಂದು ಮುರಿಯಿತು. ಭಾರತೀಯ ನ್ಯಾಯ ಸಂಹಿತೆಯ 118(2)ನೇ ಕಲಂ, ಅಂದರೆ ಮಾರಕಾಯುಧದಿಂದ ತೀವ್ರ ಗಾಯ ಮಾಡಿದ ಆರೋಪ, ಹಾಕಿದ್ದಾರೆ. ಜಾಮೀನು ಸಿಕ್ಕಿದೆ. ಮುಂದೆ ರಾಜಿಯಾಗುವುದೋ, ವಿಚಾರಣೆ ಎದುರಿಸುವುದೋ, ದಯವಿಟ್ಟು ತಿಳಿಸಿ.

ಮಾಲೂರಿನ ಹಳಬ: ನಾನು ವಿಚಾರಣೆಯನ್ನೇ ಎದುರಿಸಿದೆ, ಪಶ್ಚಾತ್ತಾಪವಿಲ್ಲ. ನನ್ನದು 2014ರ ಪ್ರಕರಣ, ಈಗಿನ 118(2)ರ ಜಾಗದಲ್ಲಿದ್ದ ಆಗಿನ ದಂಡ ಸಂಹಿತೆಯ 326, ಅಲ್ಲಿಯೂ ಹಲ್ಲೇ. ಹಲ್ಲು ಮುರಿದರೆ ತೀವ್ರ ಸ್ವರೂಪದ ಗಾಯವಂತೆ, ಹನ್ನೆರಡು ಹೊಲಿಗೆ ಬಿದ್ದ ನನ್ನ ತಲೆಯದು ಮಾತ್ರ ಸಾದಾ ಗಾಯವಂತೆ! ಕೋಲು ಮಾರಕಾಯುಧವೆಂದಾದರೆ ಜೀವಾವಧಿಯವರೆಗೆ ಶಿಕ್ಷೆ, ಅಲ್ಲವೆಂದಾದರೆ 325, ಅಂದರೆ ಗರಿಷ್ಠ ಏಳು ವರ್ಷ. ಈ ಒಂದು ಪ್ರಶ್ನೆ ತೀರಲು ಏಳು ವರ್ಷ, ಅರವತ್ಮೂರು ವಾಯಿದೆ ಬೇಕಾದವು. ಅದರಲ್ಲಿ ಹನ್ನೊಂದು ವಾಯಿದೆ ವೈದ್ಯರು ಸಾಕ್ಷ್ಯಕ್ಕೆ ಬಾರದೆ ಹೋದವು. ವಕೀಲರಿಗೆ 1,40,000, ಜಾಮೀನುದಾರರನ್ನು ಪಹಣಿ ಸಮೇತ ಕರೆದೊಯ್ದದ್ದು, ಬಸ್ಸು, ಊಟ ಸೇರಿ 38,000. ಎರಡು ಸೀಮೆಹಸು ಮಾರಿದೆ. ಕೊನೆಗೆ 325 ಎಂದು ತೀರ್ಪಾದ್ದರಿಂದಲೇ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ಜೀವಾವಧಿ ವಿಧಿಸಬಹುದಾದ 326 ಉಳಿದಿದ್ದರೆ ಅದಕ್ಕೆ ಅವಕಾಶವೇ ಇರಲಿಲ್ಲ.

ಶ್ರೀನಿವಾಸಪುರದ ಮಾವಿನತೋಪು: ನಾನು ರಾಜಿಯಾದವನು. 326 ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳ ಪಟ್ಟಿಯಲ್ಲಿಲ್ಲವೆಂಬುದು ಊರ ಹಿರಿಯರ ಮುಂದೆ 3,20,000 ಎಣಿಸಿಕೊಟ್ಟ ಮೇಲೆ ತಿಳಿಯಿತು. ಹೈಕೋರ್ಟಿನಲ್ಲಿ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 482ರ ಅರ್ಜಿ ಹಾಕಿ ಪ್ರಕರಣ ರದ್ದುಪಡಿಸಿಕೊಳ್ಳಲು ಮತ್ತೆ 60,000. ಎದುರುಪಕ್ಷದವನನ್ನು ನಾನೇ ಬಾಡಿಗೆ ಕಾರಿನಲ್ಲಿ ಬೆಂಗಳೂರಿಗೆ ಕರೆದೊಯ್ದು, ದಾರಿಯಲ್ಲಿ ತಿಂಡಿಯನ್ನೂ ಕೊಡಿಸಿದೆ. ಹೈಕೋರ್ಟಿನ ಆ ರದ್ದುಪಡಿಸುವ ಅಧಿಕಾರ ಈಗ ನಾಗರಿಕ ಸುರಕ್ಷಾ ಸಂಹಿತೆಯ 528ರಲ್ಲಿದೆ. ಮಾಲೂರಿನವರೇ, ಕೋಲು ಆಯುಧವಲ್ಲವೆಂದು ಇವರಿಗೆ ಆಸೆ ಹುಟ್ಟಿಸಬೇಡಿ. ನನ್ನ ದೋಷಾರೋಪ ಪಟ್ಟಿಯಲ್ಲಿ ಅದೇ ಕೋಲು ಮಾರಕಾಯುಧವಾಗಿತ್ತು.

ಮಾಲೂರಿನ ಹಳಬ: ದೋಷಾರೋಪ ಪಟ್ಟಿ ತೀರ್ಪಲ್ಲ ಸ್ವಾಮಿ. ಹೆದರಿ ಹಣ ಎಣಿಸಿದವರು ಎದುರಿಸಿ ನಿಂತವರಿಗೆ ಬುದ್ಧಿ ಹೇಳುವ ಅಗತ್ಯವಿಲ್ಲ.

ನಿವೃತ್ತ ಗುಮಾಸ್ತ, ಕೋಲಾರ: ಇಬ್ಬರೂ ಹಳೆಯ ಕಾನೂನನ್ನೇ ಹೇಳುತ್ತಿದ್ದೀರಿ. 2024ರ ಜುಲೈ 1ರಿಂದೀಚಿನ ಘಟನೆಗಳಿಗೆ ಹೊಸ ಸಂಹಿತೆ ಅನ್ವಯಿಸುತ್ತದೆ. 326ರಲ್ಲಿ ಕನಿಷ್ಠ ಶಿಕ್ಷೆ ಇರಲಿಲ್ಲ. 118(2)ರಲ್ಲಿ ಜೀವಾವಧಿ, ಇಲ್ಲವೇ ಕನಿಷ್ಠ ಒಂದು ವರ್ಷದಿಂದ ಹತ್ತು ವರ್ಷ. ಹಳೆಯ 325 ಈಗ 117(2). ಅದು ಜಾಮೀನು ದೊರೆಯುವಂಥದ್ದು, ನ್ಯಾಯಾಲಯದ ಅನುಮತಿಯಿದ್ದರೆ ರಾಜಿಗೂ ಬರುತ್ತದೆ.

ಏಟು ತಿಂದವನು: ಹಸು, ಕಾರು, ತಿಂಡಿ ಎಲ್ಲದರ ಲೆಕ್ಕವೂ ಬಂತು. ನನ್ನ ಹಲ್ಲು ಆ ದಿನ ಅಲುಗಾಡುತ್ತಿತ್ತಷ್ಟೇ ಆದ್ದರಿಂದ ಸಾದಾ ಗಾಯವೆಂದು ಬರೆದರು. ಒಂಬತ್ತನೆಯ ದಿನ ಅದು ಬಿದ್ದುಹೋಯಿತು. ಸಾದಾ ಗಾಯದ ಹಳೆಯ ಕಲಂ 323 ಅಸಂಜ್ಞೇಯ ಅಪರಾಧವಾದ್ದರಿಂದ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆಯೇ ಆಗದು ಎಂದು ಠಾಣೆಯಲ್ಲಿ ಕೈಚೆಲ್ಲಿದರು. ಆಗ ಅದಕ್ಕಿದ್ದ ಗರಿಷ್ಠ ದಂಡ 1,000 ರೂಪಾಯಿ, ಈಗಿನ 115(2)ರಲ್ಲಿ 10,000. ನಾನು ಹಲ್ಲು ಕಟ್ಟಿಸಿಕೊಳ್ಳಲು ಕೊಟ್ಟದ್ದು 27,000. ಚಿಂತಾಮಣಿಯವರೇ, ನಿಮ್ಮ ದೊಡ್ಡಪ್ಪನ ಮಗನಿಗೆ ಹಲ್ಲು ಕಟ್ಟಿಸಿಕೊಟ್ಟಿರಾ?

ಮಾಲೂರಿನ ಹಳಬ: ಕಟ್ಟಿಸಿಕೊಟ್ಟರೆ ಆ ರಸೀದಿಯನ್ನೇ ಎದುರುಪಕ್ಷದವರು ನ್ಯಾಯಾಲಯಕ್ಕೆ ತರುತ್ತಾರೆ. ನನಗೆ ಹಾಗೆಯೇ ಆಯಿತು.

ಏಟು ತಿಂದವನು: ಪಶ್ಚಾತ್ತಾಪವಿಲ್ಲವೆಂದವರು ಹಲ್ಲು ಕಟ್ಟಿಸಿಯೂ ಕೊಟ್ಟಿದ್ದಿರೇ?