ಹೂಕುಂಡ ಬಿದ್ದ ಮೇಲೆ ಮಕ್ಕಳಿಗೆ ಏನು ಹೇಳೋದು?

ರಿಪ್ಪನ್‌ಪೇಟೆ: ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಜೆಕೊಸ್ಲೊವಾಕಿಯಾದ ನಿರ್ದೇಶಕ ಯಿರ್ಜಿ ಟ್ರಂಕಾ ಅವರ 1965ರ ಬೊಂಬೆ ಸಿನಿಮಾ ‘ಕೈ’ ತೋರಿಸುತ್ತಿದ್ದೇನೆ. ಕುಂಡ ಮಾಡಿಕೊಂಡಿದ್ದ ಒಬ್ಬನನ್ನು ದೊಡ್ಡ ಕೈಯೊಂದು ತನ್ನ ಶಿಲ್ಪ ಮಾಡು ಅಂತ ಕಾಡುತ್ತದೆ; ಕೊನೆಗೆ ಕಪಾಟಿನ ಮೇಲಿದ್ದ ಅವನದೇ ಹೂಕುಂಡ ತಲೆಗೆ ಬಿದ್ದು ಸಾಯುತ್ತಾನೆ. ಕೊನೆಯ ಅರ್ಥ ನಾವೇ ಹೇಳಬೇಕಾ, ಅವರಿಗೇ ಬಿಡಬೇಕಾ? ತೋರಿಸಿದವರು ಅನುಭವ ಹೇಳಿ.

ತೀರ್ಥಹಳ್ಳಿ ಮೇಷ್ಟ್ರು: ಹೇಳಬೇಡಿ. ನಾನು ಹೇಳಿ ಕೆಡಿಸಿದೆ. ಜುಲೈ, ಜಡಿಮಳೆ. ಪ್ರೊಜೆಕ್ಟರ್ ಬಾಡಿಗೆ 1,200. ಜೀಪಿಗೆ 800. ಕರೆಂಟ್ ಹೋಯಿತು, ಜನರೇಟರ್‌ಗೆ 1,500, ಡೀಸೆಲ್ 430. 3,930 ರೂಪಾಯಿ ನನ್ನ ಜೇಬಿಂದ, 18 ನಿಮಿಷದ ಸಿನಿಮಾಕ್ಕೆ. ಮುಗಿದಾಗ ಹಿಂದಿನ ಬೆಂಚಿನ ಹುಡುಗಿ ಎರಡೂ ಕೈ ತಲೆ ಮೇಲೆ ಹೊತ್ತು ಕೂತಿದ್ದಳು, ಕುಂಡ ತನಗೇ ಬಿದ್ದ ಹಾಗೆ. ನಾನು ಲೈಟ್ ಹಾಕಿ ‘ಆ ಕೈ ಅಂದರೆ ಸರ್ಕಾರ’ ಅಂದೆ. ಎಲ್ಲರೂ ನೋಟ್ಸ್ ಬರೆದುಕೊಂಡರು. ಅವಳೂ ಕೈ ಇಳಿಸಿ ಬರೆದಳು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಸಾಗರದವನು: ನಾನು ಏನೂ ಹೇಳಲಿಲ್ಲ. ಏನಾಯಿತು? ಬೆನ್ನು ಹತ್ತಿದ ಕೈಯೇ ಕೊನೆಗೆ ಅವನ ಶವಕ್ಕೆ ಪದಕ ಇಟ್ಟು ಸರ್ಕಾರಿ ಗೌರವದಲ್ಲಿ ಕಳಿಸಿಕೊಡುತ್ತದೆ. ಮಕ್ಕಳು ‘ಪಾಪ, ಕುಂಡ ಕೆಳಗಿಟ್ಟಿದ್ದರೆ ಬೀಳ್ತಿರಲಿಲ್ಲ’ ಅಂತ ಎದ್ದು ಹೋದರು. 1969ರಲ್ಲಿ ಟ್ರಂಕಾ ತೀರಿಕೊಂಡ ಮೇಲೆ ಅವರ ದೇಶದಲ್ಲೇ ಸಿನಿಮಾ ನಿಷೇಧಿಸಿದರು. ಇದನ್ನೂ ಹೇಳದಿದ್ದರೆ ಮೋಸ ಅಲ್ವಾ?

ತೀರ್ಥಹಳ್ಳಿ ಮೇಷ್ಟ್ರು: ಮಕ್ಕಳು ಹೇಳಿದ್ದೇ ಸರಿ ಸ್ವಾಮಿ. ಕೈ ಕುಂಡ ಎತ್ತಿ ಹಾಕಲಿಲ್ಲ. ಅವನು ಹೆದರಿ ಮನೆ ಭದ್ರ ಮಾಡುವಾಗಲೇ ಬಿತ್ತು. ನೀವು ಸಿನಿಮಾ ನೋಡಿದ್ದೀರಾ?

ಸಾಗರದವನು: ಹೆದರಿಸಿದ್ದು ಯಾರು? ಹೆಗ್ಗೋಡಿನ ನೀನಾಸಂ ಚಿತ್ರಸಮಾಜದಲ್ಲಿ ಸಿನಿಮಾ ನೋಡಿ ಬೆಳೆದವನು ನಾನು. ನನಗೆ ಪಾಠ ಬೇಡ.

ಹೊಸನಗರ: ಬೊಂಬೆ ಮಾಡಿ ನೋಡಿ, ಆಮೇಲೆ ಜಗಳ ಆಡಿ. ಅಡಿಕೆ ಹಾಳೆಯಲ್ಲಿ ಬೊಂಬೆ ಮಾಡಿ ನಾನೇ ಒಂದು ಸಿನಿಮಾ ತೆಗೆದೆ. ಬೊಂಬೆಯನ್ನು ಚೂರು ಚೂರೇ ಸರಿಸಿ ಒಂದೊಂದೇ ಫೋಟೋ ತೆಗೆಯಬೇಕು: ಸೆಕೆಂಡಿಗೆ 12 ಭಂಗಿ, ಅಂದರೆ ನಿಮಿಷಕ್ಕೆ 720. ಎರಡು ಬೊಂಬೆಗೆ ಬೂಷ್ಟು ಹಿಡಿಯಿತು, ಮೊದಲಿಂದ ಮಾಡಿದೆ. ಕೊನೆಯ ಶಾಟಲ್ಲಿ ಕತ್ತಿನ ತಂತಿ ಸಡಿಲಾಗಿ ತಲೆ ಬಾಗಿತು. ನೋಡಿದ ಅಜ್ಜಿಯೊಬ್ಬರು ‘ಅವನು ಮಣ್ಣಿಗೆ ನಮಸ್ಕಾರ ಮಾಡಿದ’ ಅಂದರು. ನಾನು ತಿದ್ದಲಿಲ್ಲ. ಅದೇ ಅರ್ಥ ಅಂತ ಈಗ ನಾನೂ ನಂಬಿದ್ದೇನೆ.

ಸಾಗರದವನು: ತಂತಿ ಸಡಿಲಾದದ್ದಕ್ಕೂ ಟ್ರಂಕಾಗೂ ಏನು ಸಂಬಂಧ? ಮಳೆಗಾಲದಲ್ಲಿ ಹಾಳೆ ಬೊಂಬೆ ಯಾರು ಮಾಡ್ತಾರೆ?

ಹೊಸನಗರ: ಒಲೆ ಮೇಲಿನ ಅಟ್ಟದಲ್ಲಿ ಒಣಗಿಸಿದರೆ ಆಗುತ್ತೆ. ನಮ್ಮನೇಲಿ ಅಡಿಕೆಯೂ ಅಲ್ಲೇ ಒಣಗೋದು.

ರಿಪ್ಪನ್‌ಪೇಟೆ: ಸಿನಿಮಾ ಶನಿವಾರ ಇದೆ. ಮುಗಿದ ತಕ್ಷಣ ಲೈಟ್ ಹಾಕಲ್ಲ, ಅಷ್ಟು ತೀರ್ಮಾನ ಮಾಡಿದೆ.